ಬೆಕ್ಕಿನಲ್ಲಿ ಒಂದು ವೈರಾಣು ಮತ್ತೊಂದಕ್ಕೆ ದಾರಿಯಾಗುವ ಬಗೆ

ಐವತ್ತು ವರ್ಷ ಪೂರೈಸಿದ ನಮ್ಮ ಶಾಲೆಯ ಈ ಸಂಚಿಕೆಗೆ ನಾನು ಬರೆಯಹೊರಟಿರುವುದು ಒಂದು ಬೆಕ್ಕಿನ ವಿಚಾರ. 2005ರಲ್ಲಿ ನಾನು ಇಲ್ಲಿ, ಕಲ್ಯಾಣದುರ್ಗದಲ್ಲಿ, ಮುಖ್ಯೋಪಾಧ್ಯಾಯನಾಗಿದ್ದಾಗ ಮಧ್ಯಾಹ್ನದ ಊಟದ ಅಕ್ಕಿಯನ್ನು ಇಲಿಗಳಿಂದ ಕಾಯುತ್ತಿದ್ದ ಗಂಡುಬೆಕ್ಕೊಂದಿತ್ತು. ಬೇರೆ ಬೆಕ್ಕುಗಳೊಡನೆ ಕಾದಾಡಿ ಗಾಯಗೊಂಡು ಬರುತ್ತಿತ್ತು. ಕ್ರಮೇಣ ಅದರ ಕಣ್ಣು ಮೂಗುಗಳಿಂದ ನೀರು ಸೋರತೊಡಗಿತು. ವಾಸಿಯಾದಂತೆ ಕಂಡು ಮತ್ತೆ ಮರುಕಳಿಸುತ್ತಿತ್ತು. ಮಕ್ಕಳಿಗೆ ಅಂಟೀತೆಂದು ಹೆದರಿ, ಅದನ್ನು ಗೋಣಿಚೀಲದಲ್ಲಿ ಹಾಕಿಸಿ ಊರಾಚೆಯ ಕಡಲೆಕಾಯಿ ಹೊಲದಲ್ಲಿ ಬಿಡಿಸಿದೆ. ಮಕ್ಕಳು ಕಾರಣ ಕೇಳಿದರು. ನಾನು ಉತ್ತರಿಸಲಿಲ್ಲ.

ನಿವೃತ್ತನಾಗಿ ಹಿಂದೂಪುರದಲ್ಲಿ ನೆಲೆಸಿದ ಮೇಲೆ, ಮೊಮ್ಮಗಳ ಬೆಕ್ಕಿಗೆ ಲಸಿಕೆ ಹಾಕಿಸಲು ಹೋದಾಗ ಪಶುವೈದ್ಯರು ಈ ರೋಗಗಳ ಸ್ವರೂಪವನ್ನು ವಿವರಿಸಿದರು.

ಬೆಕ್ಕಿಗೆ ನೆಗಡಿ ತರುವ ಹರ್ಪಿಸ್ ವೈರಾಣು, ರೋಗ ಶಮನವಾದರೂ ದೇಹವನ್ನು ಬಿಡದೆ ನರಕೋಶಗಳಲ್ಲಿ ಅಡಗಿರುತ್ತದೆ. ರೋಗನಿರೋಧಕ ಶಕ್ತಿಯೆಂಬ ಬೇಲಿ ಭದ್ರವಾಗಿರುವವರೆಗೆ ಅದು ಸಾಮಾನ್ಯವಾಗಿ ತಲೆಯೆತ್ತದು. 1986ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ನೀಲ್ಸ್ ಪೀಡರ್ಸನ್ ಮತ್ತು ಜಾನೆಟ್ ಯಮಮೊಟೊ ಗುರುತಿಸಿದ ಎಫ್.ಐ.ವಿ. ಎಂಬ ವೈರಾಣು ಆ ಬೇಲಿಯನ್ನೇ ಮುರಿಯುತ್ತದೆ. ಮುಖ್ಯವಾಗಿ ಕಚ್ಚಿದ ಗಾಯದ ಮೂಲಕ ಹರಡುವ ಇದು, ದೇಹವನ್ನು ಕಾಯುವ ಒಂದು ಬಗೆಯ ಬಿಳಿ ರಕ್ತಕಣಗಳನ್ನು ವರ್ಷಗಳ ಕಾಲ ಮೆಲ್ಲಮೆಲ್ಲನೆ ಕುಂದಿಸುತ್ತದೆ. ಬೇಲಿ ಮುರಿದ ಹೊಲಕ್ಕೆ ದನ ನುಗ್ಗಿದಂತೆ ಆಗ ಅನ್ಯ ರೋಗಗಳು ನುಗ್ಗುತ್ತವೆ. ಒಳಗೆ ಅಡಗಿದ್ದವೂ ಮೇಲೇಳುತ್ತವೆ.

1964ರಲ್ಲಿ ಗ್ಲಾಸ್ಗೋದಲ್ಲಿ ವಿಲಿಯಂ ಜ್ಯಾರೆಟ್ ಮತ್ತು ಸಂಗಡಿಗರು ಕಂಡುಹಿಡಿದ ಬೆಕ್ಕಿನ ಲ್ಯುಕೀಮಿಯ ವೈರಾಣು ಮತ್ತೊಂದು. ಅದು ಮೊದಲೇ ತಗುಲಿದ್ದ ಬೆಕ್ಕಿಗೆ ಎಫ್.ಐ.ವಿ. ಸೇರಿದರೆ ಕಾಯಿಲೆ ಮತ್ತಷ್ಟು ಉಗ್ರವಾಗುವುದೆಂದು ಪೀಡರ್ಸನ್ ಮತ್ತು ಸಂಗಡಿಗರು 1990ರಲ್ಲಿ ಪ್ರಯೋಗದಿಂದ ತೋರಿಸಿದರು.

ಈ ಮೂರು ವೈರಾಣುಗಳೂ ಮನುಷ್ಯರಿಗೆ ಅಂಟುವುದಿಲ್ಲ. ಎಫ್.ಐ.ವಿ. ಇರುವ ಬೆಕ್ಕು ಸಹ ಒಳ್ಳೆಯ ಆರೈಕೆಯಲ್ಲಿ ವರ್ಷಗಟ್ಟಲೆ ಬದುಕುವುದುಂಟು. ನಾವು ಅಂಜಬೇಕಾದುದು ರೇಬೀಸಿಗೆ. ಬೆಕ್ಕು ಕಚ್ಚಿದರೆ ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಸಾಕಿದ ಬೆಕ್ಕಿಗೆ ನೆಗಡಿಯ ಮತ್ತು ರೇಬೀಸಿನ ಲಸಿಕೆಗಳನ್ನು ಹಾಕಿಸಬೇಕು. ಗಂಡುಬೆಕ್ಕಿಗೆ ಸಂತಾನಹರಣ ಚಿಕಿತ್ಸೆ ಮಾಡಿಸಿದರೆ ಕಾದಾಟ ತಗ್ಗುತ್ತದೆ. ಕಾದಾಟದಿಂದ ಹರಡುವ ರೋಗವೂ ತಗ್ಗುತ್ತದೆ.

ನಮ್ಮ ಬೆಕ್ಕಿಗೆ ಯಾವ ರೋಗವಿತ್ತೆಂದು ನಾನು ಪರೀಕ್ಷೆ ಮಾಡಿಸಲಿಲ್ಲ. ಕಾರಣ ತಿಳಿಯದೆ ತೀರ್ಮಾನಿಸಬಾರದೆಂದು ತರಗತಿಯಲ್ಲಿ ಬೋಧಿಸಿದವನೇ ಹಾಗೆ ತೀರ್ಮಾನಿಸಿದೆ. ಅಂದು ಕೇಳಿದ ಮಕ್ಕಳು ಇಂದು ತಂದೆತಾಯಿಗಳಾಗಿದ್ದಾರೆ. ತಡವಾದರೂ ಇದೇ ಅವರಿಗೆ ನನ್ನ ಉತ್ತರ.