ಕ್ರಾಸಿನಲ್ಲಿ ಎಡಕ್ಕೆ ತಿರುಗುವ ಮುನ್ನ

ಹಾಲು ಉತ್ಪಾದಕ ಸಹೋದರಿಯರೇ,

ಪಶುವೈದ್ಯಾಧಿಕಾರಿ ಈ ಸಲ ರಸ್ತೆಯ ಬಗ್ಗೆ ಬರೆಯಲು ಕಾರಣವಿದೆ. ಕ್ಯಾಲನೂರು ಸುತ್ತಮುತ್ತ ಮೊಪೆಡ್, ಸ್ಕೂಟರ್‌ಗೆ ಕ್ಯಾನು ಕಟ್ಟಿಕೊಂಡು ಡೇರಿಗೆ ಬರುವವರು ನಿಮ್ಮಲ್ಲಿ ಬಹಳ ಮಂದಿ ಇದ್ದೀರಿ. ಹಳ್ಳಿ ರಸ್ತೆ ದೊಡ್ಡ ರಸ್ತೆಗೆ ಸೇರುವ ಕ್ರಾಸಿನಲ್ಲಿ "ಎಡಕ್ಕೆ ತಾನೇ" ಎಂದು ನಿಲ್ಲದೆ ತಿರುಗಿಬಿಡುವ ರೂಢಿ ಅಪಾಯಕಾರಿ.

ನಾವು ರಸ್ತೆಯ ಎಡಬದಿಯಲ್ಲಿ ಓಡಿಸುವವರು. ಎಡಕ್ಕೆ ತಿರುಗುವಾಗ ಎದುರು ಸಾಲನ್ನು ದಾಟಬೇಕಿಲ್ಲ, ನಿಜ. ಆದರೆ ನೀವು ಸೇರುವ ಸಾಲಿನಲ್ಲೇ ಬಲಗಡೆಯಿಂದ ಲಾರಿ, ಬಸ್ಸು ಬರುತ್ತಿರುತ್ತವೆ.

ದಾರಿ ಯಾರದು ಮೊದಲು?

ಚಿಕ್ಕ ರಸ್ತೆಯಿಂದ ಬರುವವರು ಮುಖ್ಯರಸ್ತೆಯ ವಾಹನಗಳಿಗೆ ದಾರಿ ಬಿಡಬೇಕು. ಎರಡೂ ಸಮಾನ ರಸ್ತೆಗಳಾಗಿದ್ದು, ಪೊಲೀಸರೂ ಸಿಗ್ನಲ್ಲೂ ಇಲ್ಲದಿದ್ದರೆ, ಬಲಗಡೆಯಿಂದ ಬರುವವರಿಗೆ ದಾರಿ ಬಿಡಬೇಕು. ತಿರುಗುವ ಕಡೆ ಯಾರಾದರೂ ನಡೆದು ದಾಟುತ್ತಿದ್ದರೆ ಅವರು ಮೊದಲು ದಾಟಲಿ. ಪೇಟೆಯ ಸಿಗ್ನಲ್‌ನಲ್ಲಿ ಕೆಂಪು ದೀಪವಿದ್ದಾಗ, ಎಡಕ್ಕೆ ಬಿಡುವ ಫಲಕವೋ ಹಸಿರು ಬಾಣವೋ ಇದ್ದರೆ ಮಾತ್ರ ತಿರುಗಿ.

ತಿರುಗುವುದು ಹೇಗೆ?

ಕ್ರಾಸಿಗೆ ಮುಂಚೆಯೇ ಇಂಡಿಕೇಟರ್ ಹಾಕಿ, ವೇಗ ಇಳಿಸಿ, ಎಡ ಅಂಚಿಗೆ ಬನ್ನಿ. ಬಲಕ್ಕೆ, ಎಡಕ್ಕೆ, ಮತ್ತೆ ಬಲಕ್ಕೆ ನೋಡಿ. ದಾರಿ ಖಾಲಿಯಿದ್ದರೆ ಅಂಚು ಹಿಡಿದೇ ನಿಧಾನವಾಗಿ ತಿರುಗಿ. 20 ಲೀಟರ್ ಹಾಲು, ಕ್ಯಾನಿನ ತೂಕ ಬಿಟ್ಟು, 20 ಕೆ.ಜಿ.ಗೂ ಸ್ವಲ್ಪ ಹೆಚ್ಚು ತೂಗುತ್ತದೆ. ಅರ್ಧ ತುಂಬಿದ ಕ್ಯಾನಿನಲ್ಲಿ ಹಾಲು ತುಳುಕಿ ತಿರುವಿನಲ್ಲಿ ಗಾಡಿಯನ್ನು ಹೊರಕ್ಕೆ ಎಳೆಯುತ್ತದೆ. ಎರಡೂ ಕಡೆ ಸಮತೂಕವಾಗಿ ಕಟ್ಟಿ.

ಲಾರಿ, ಟ್ಯಾಂಕರ್, ಟ್ರೈಲರ್ ಎಳೆಯುವ ಟ್ರ್ಯಾಕ್ಟರ್ ಎಡಕ್ಕೆ ತಿರುಗುತ್ತಿದ್ದರೆ ಅದರ ಎಡಗಡೆ ನುಗ್ಗಬೇಡಿ. ಹಿಂದಿನ ಚಕ್ರಗಳು ಮುಂದಿನ ಚಕ್ರಗಳ ಜಾಡಿನಲ್ಲಿ ಬರುವುದಿಲ್ಲ, ಒಳಮೂಲೆಗೆ ಸರಿಯುತ್ತವೆ. ಅಲ್ಲಿರುವ ನೀವು ಚಾಲಕರಿಗೆ ಕಾಣದೇ ಹೋಗಬಹುದು. ಹಿಂದೆಯೇ ನಿಲ್ಲಿ.

ಕೋಲಾರ, ಮುಳಬಾಗಿಲು ಮೂಲಕ ಹೋಗುವ ರಾಷ್ಟ್ರೀಯ ಹೆದ್ದಾರಿ 75ರಂತಹ, ನಡುವೆ ಡಿವೈಡರ್ ಇರುವ ರಸ್ತೆಯಲ್ಲಿ ಹೋಗಬೇಕಾದ ಜಾಗ ಬಲಕ್ಕಿದ್ದರೂ ಎಡಕ್ಕೇ ತಿರುಗಿ, ಮುಂದಿನ ಯೂಟರ್ನ್‌ನಲ್ಲಿ ಬನ್ನಿ. ರಾಂಗ್ ಸೈಡಿನಲ್ಲಿ ಬರಬೇಡಿ. ಕ್ರಾಸಿನಲ್ಲಿ ಎಡಕ್ಕೆ ತಿರುಗುವವರ ಕಣ್ಣು ಬಲಗಡೆಗೇ ಇರುತ್ತದೆ, ನೀವು ಬರುವುದು ಎಡಗಡೆಯಿಂದ.

ಅವಸರ ಯಾಕೆ?

ಆಗ ತಾನೇ ಕರೆದ ಹಾಲಿಗೆ ಸ್ವಲ್ಪ ಹೊತ್ತು ತನ್ನನ್ನು ತಾನೇ ಕಾಪಾಡಿಕೊಳ್ಳುವ ಗುಣವಿದೆ. ಕೆಚ್ಚಲು, ಕೈ, ಪಾತ್ರೆ ಶುಚಿಯಾಗಿದ್ದರೆ, ಕ್ರಾಸಿನಲ್ಲಿ ಎರಡು ನಿಮಿಷ ನಿಂತಿದ್ದಕ್ಕೆ ಹಾಲು ಕೆಡುವುದಿಲ್ಲ, ಫ್ಯಾಟೂ ಇಳಿಯುವುದಿಲ್ಲ. ಡೇರಿ ಮುಚ್ಚುತ್ತದೆಂಬ ಚಿಂತೆಯಿದ್ದರೆ ಹತ್ತು ನಿಮಿಷ ಮುಂಚೆ ಕರೆಯಿರಿ. ದಿನವೂ ಅದೇ ಹೊತ್ತಿಗೆ ಕರೆದರೆ ಹಸು ಒಗ್ಗಿಕೊಳ್ಳುತ್ತದೆ.

1988ರ ಮೋಟಾರು ವಾಹನ ಕಾಯ್ದೆಯ 129ನೇ ಕಲಂ ಪ್ರಕಾರ ಹೆಲ್ಮೆಟ್ ಓಡಿಸುವವರಿಗೂ ಹಿಂದೆ ಕೂತವರಿಗೂ ಕಡ್ಡಾಯ. ಡೇರಿ ಪಕ್ಕದ ಊರಿನಲ್ಲೇ ಇದ್ದರೂ ಹಾಕಿಕೊಳ್ಳಿ. ಸೆರಗು, ದುಪಟ್ಟಾ ಚಕ್ರಕ್ಕೆ ಸಿಗದಂತೆ ಸಿಕ್ಕಿಸಿಕೊಂಡು ಹೊರಡಿ.

– ಪಶುವೈದ್ಯಾಧಿಕಾರಿ