ಕಳೆದು ದೊರೆತ ಹುಲ್ಲು

ಅಪೂರ್ವ ವಸ್ತುವೆಂದೊಡನೆ ನಮ್ಮ ಗೃಹಸ್ಥರಿಗೆ ಮುತ್ತು ರತ್ನಗಳು ನೆನಪಾಗುವವು. ಹುಲ್ಲುಕಡ್ಡಿಯು ಯಾರ ನೆನಪಿಗೂ ಬಾರದು. ಆದರೆ ನಮ್ಮ ನಾಡಿನ ಒಂದು ತೃಣದ ವೃತ್ತಾಂತವು ವಾಚಕರು ಅರಿಯತಕ್ಕದ್ದಾಗಿದೆ.

ಗೇರುಸೊಪ್ಪೆಯ ಜೋಗದ ಬಳಿಯಲ್ಲಿ 1919ರಲ್ಲಿ ಸೆಜ್ವಿಕ್ ಹಾಗೂ ಬೆಲ್ ಎಂಬ ಆಂಗ್ಲ ಅಧಿಕಾರಿಗಳು ಬಲು ಕೋಮಲವಾದ ಒಂದು ಹುಲ್ಲನ್ನು ಸಂಗ್ರಹಿಸಿದರು. ಸುಮಾರು ಮೂವತ್ತು ವರ್ಷಗಳ ತರುವಾಯ ಬೋರ್ ಎಂಬ ವಿದ್ವಾಂಸರು ಅದನ್ನು ಪರೀಕ್ಷಿಸಿ, ತೃಣಶಾಸ್ತ್ರಜ್ಞರಾದ ಹಬ್ಬರ್ಡರ ಗೌರವಾರ್ಥವಾಗಿ ‘ಹಬ್ಬರ್ಡಿಯಾ ಹೆಪ್ಟಾನ್ಯೂರಾನ್’ ಎಂದು ಹೆಸರಿಟ್ಟರು. ಗ್ರೀಕರ ‘ಹೆಪ್ಟಾ’ ಎಂಬುದು ನಮ್ಮ ‘ಸಪ್ತ’ವೇ ಸರಿ, ಏಳು ನರಗಳುಳ್ಳದ್ದೆಂದು ಅರ್ಥ. ತೊಯ್ದ ಬಂಡೆಯೂ ಜಲಪಾತದ ತುಂತುರೂ ಇದರ ಜೀವನಾಧಾರವು. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿದು ಶರಾವತಿಯ ಧಾರೆಯು ಕ್ಷೀಣಿಸಿತು. ಮುಂದೆ ಹುಡುಕಿದವರಿಗೆ ಹುಲ್ಲು ಕಾಣದಾಗಲು, ಅದು ಲೋಕದಿಂದಲೇ ನಷ್ಟವಾಯಿತೆಂದು ಬಗೆದರು.

ನಮ್ಮ ಭಾಟ್ಟ ಮೀಮಾಂಸಕರು ‘ಅನುಪಲಬ್ಧಿ’ಯನ್ನು, ಅಂದರೆ ಕಾಣದಿರುವಿಕೆಯನ್ನು, ಒಂದು ಪ್ರಮಾಣವೆಂದು ಒಪ್ಪುವರು. ಆದರೆ ಕಾಣಲು ತಕ್ಕ ವಸ್ತುವು ತಕ್ಕ ಬೆಳಕಿನಲ್ಲಿಯೂ ಕಾಣದಿದ್ದರೆ ಮಾತ್ರ ಇಲ್ಲವೆನ್ನಬೇಕು. ಕತ್ತಲೆಯ ಕೋಣೆಯಲ್ಲಿ ತಂಬಿಗೆ ಕಾಣದ ಮಾತ್ರಕ್ಕೆ ಮನೆಯಲ್ಲಿ ತಂಬಿಗೆಯೇ ಇಲ್ಲವೆನ್ನಲಾಗದು. ಈ ಹುಲ್ಲಿನ ಸಂಗತಿಯೂ ಹಾಗೆಯೇ ಆಯಿತು. 2002ರಲ್ಲಿ ಕೊಲ್ಲಾಪುರದ ಶಿವಾಜಿ ವಿಶ್ವವಿದ್ಯಾಲಯದ ಎಸ್. ಆರ್. ಯಾದವ ಮತ್ತು ಅವರ ಸಂಗಡಿಗರು, ನಮ್ಮ ಬೆಳಗಾವಿಯ ಪಡುವಣಕ್ಕೆ ಮಹಾರಾಷ್ಟ್ರದಲ್ಲಿರುವ ತಿಲ್ಲಾರಿ ಘಟ್ಟದಲ್ಲಿ ಅದನ್ನು ಮತ್ತೆ ಕಂಡರು!

ಕಂಡ ಮಾತ್ರಕ್ಕೆ ರಕ್ಷಣೆಯಾಗದು. ಗಿಡಗಳೆಷ್ಟು, ಬೀಜ ಕಟ್ಟುವದೋ ಇಲ್ಲವೋ, ನೆಲೆಗೆ ಒದಗಬಹುದಾದ ಕೇಡು ಯಾವದು ಎಂಬುದನ್ನೆಲ್ಲ ಎಣಿಸಿ ನೋಡಬೇಕು. ಒಂದೇ ಬಂಡೆಯನ್ನು ನಂಬಿದ ಕುಲವನ್ನು ಒಂದು ಭೂಕುಸಿತವು ನಿರ್ವಂಶ ಮಾಡಬಲ್ಲದು. ಆದುದರಿಂದ ವಿದ್ವಾಂಸರು ಅದನ್ನು ಅನ್ಯ ಸ್ಥಳಗಳಲ್ಲಿಯೂ ನೆಲೆಗೊಳಿಸಲು ಯತ್ನಿಸಿರುವರು.

ಅಣೆಕಟ್ಟುಗಳೇ ಬೇಡವೆಂದು ನನ್ನ ಅಭಿಪ್ರಾಯವಲ್ಲ. ನವಿಲುತೀರ್ಥದಲ್ಲಿ ಮಲಪ್ರಭೆಯನ್ನು ತಡೆದುದರಿಂದಲೇ ನಮ್ಮ ಸೀಮೆಯ ಎಷ್ಟೋ ಹೊಲಗಳು ನೀರು ಕಂಡಿವೆ. ಆದರೆ ಕಟ್ಟುವ ಮುನ್ನ ಅಲ್ಲಿ ಏನು ಬೆಳೆದಿದೆಯೆಂದು ಎಣಿಸುವದು ಮನುಷ್ಯನ ಧರ್ಮವು. ಜೋಗದಲ್ಲಿ ಹುಲ್ಲಿನ ಲೆಕ್ಕವನ್ನು ಕೇಳಿದವರಾರು?

ಸವದತ್ತಿಯ ನಾವು ಮಾಡಬಹುದಾದದ್ದೂ ಇದೆ. ಮಳೆಗಾಲದಲ್ಲಿ ಎಲ್ಲಮ್ಮನ ಗುಡ್ಡದಲ್ಲಾಗಲಿ ಹೊಲದ ಬದುವಿನಲ್ಲಾಗಲಿ ಹೆಸರರಿಯದ ಗಿಡ ಕಂಡರೆ ಕೀಳಬಾರದು. ಸ್ಥಳವನ್ನೂ ತಿಂಗಳನ್ನೂ ಬರೆದಿಟ್ಟು ಸಮೀಪದ ಕಾಲೇಜಿನ ಸಸ್ಯಶಾಸ್ತ್ರದ ಅಧ್ಯಾಪಕರಿಗೆ ತಿಳಿಸಬೇಕು. ಬೇಸಿಗೆಯಲ್ಲಿ ಗುಡ್ಡಕ್ಕೆ ಬೆಂಕಿ ಹಚ್ಚಬಾರದೆಂದು ಮಕ್ಕಳಿಗೆ ಕಲಿಸಬೇಕು. ಇಷ್ಟಕ್ಕೆ ಹಣವು ಬೇಡ. ಬಗ್ಗಿ ನೋಡುವ ತಾಳ್ಮೆ ಸಾಕು.