ಸೀಸೆಯ ಮೇಲಿನ ಚೌಕ

ಚೈತ್ರ ವೈಶಾಖಗಳಲ್ಲಿ ಕೂಡ್ಲಿಗಿಯ ಕಲ್ಲುಗುಡ್ಡಗಳು ಬೆಳಗಿನ ಹತ್ತು ಗಂಟೆಗೇ ಕಾದ ಹಂಚಿನಂತಾಗಿ, ಕೊಟ್ಟೂರಿನಿಂದ ಹರಪನಹಳ್ಳಿಯವರೆಗಿನ ಹೊಲಗಳೆಲ್ಲ ಬಿಸಿಲಿಗೆ ಬಾಯ್ದೆರೆದು ಬಿದ್ದಿರುವ ಕಾಲದಲ್ಲಿ, ಹೆಗಲಿಗೆ ಪೆಟ್ಟಿಗೆಯೊಂದನ್ನು ತೂಗುಹಾಕಿಕೊಂಡು ಅಂಗನವಾಡಿಯ ಕಡೆಗೆ ನಡೆದುಬರುವ ಆರೋಗ್ಯ ಸಹಾಯಕಿಯನ್ನು ಕಂಡು, ಕಂಕುಳಲ್ಲಿ ಕೂಸನ್ನೆತ್ತಿಕೊಂಡ ತಾಯಿಯು "ಇಂಥಾ ಬಿಸಿಲಾಗ ಔಷಧ ಕೆಟ್ಟಿರಂಗಿಲ್ಲೇನ್ರೀ?" ಎಂದು ಕೇಳಿದರೆ, ಅದನ್ನು ಅಜ್ಞಾನದ ಮಾತೆಂದು ಯಾರೂ ತಳ್ಳಿಹಾಕಲಾಗದು. ಲಸಿಕೆಯನ್ನು ಕುರಿತು ತಾಯ್ತಂದೆಗಳು ಕೇಳುವ ಪ್ರಶ್ನೆಗಳಲ್ಲಿ ಅತ್ಯಂತ ಶಾಸ್ತ್ರೀಯವಾದುದು ಇದೇ ಎಂದು ನನ್ನ ಭಾವನೆ. ಹೊತ್ತೇರುವ ಮುನ್ನ ಮೊಗ್ಗು ಬಿಡಿಸದಿದ್ದರೆ ಮಲ್ಲಿಗೆಗೆ ಬೆಲೆಯಿಲ್ಲವೆಂಬುದು ಹಡಗಲಿಯ ಹೆಣ್ಣುಮಕ್ಕಳಿಗೆ ಗೊತ್ತು. ಲಸಿಕೆಯು ಮಲ್ಲಿಗೆಗಿಂತಲೂ ಸುಕುಮಾರವಾದ ವಸ್ತು.

ಶೈತ್ಯಯಂತ್ರಗಳಿಲ್ಲದ ಕಾಲದಲ್ಲಿ ಈ ಸೌಕುಮಾರ್ಯವನ್ನು ಕಾಪಾಡಿದ್ದು ಮಕ್ಕಳ ತೋಳುಗಳೇ. ಸಿಡುಬಿನ ಲಸಿಕೆಯು ಉಷ್ಣದಿಂದ ನಿರ್ವೀರ್ಯವಾಗುತ್ತಿದ್ದುದರಿಂದ, ಒಂದು ಮಗುವಿನ ತೋಳಿನ ಗುಳ್ಳೆಯ ರಸವನ್ನು ಇನ್ನೊಂದರ ತೋಳಿಗೆ ಹಚ್ಚುತ್ತ, ಬಾಗ್ದಾದಿನಿಂದ ಬಸರಾದ ಮಾರ್ಗವಾಗಿ ಅದನ್ನು ಮುಂಬಯಿಗೆ ತಂದರು. 1802ರ ಜೂನ್ 14ರಂದು ಅಲ್ಲಿ ಆನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಬಾಲೆಯ ತೋಳಿನಲ್ಲಿ ಅದು ಫಲಿಸಿತು, ಆ ಪುಟ್ಟ ತೋಳಿನಿಂದಲೇ ಭರತಖಂಡದೊಳಗೆ ಹರಡಿತು. ನಮ್ಮ ಅಜ್ಜಿಯರು "ದೇವಿ ಹಾಕಿಸುವುದು" ಎನ್ನುತ್ತಿದ್ದುದು ಇದರ ಸಂತತಿಯನ್ನೇ.

ಇಂದು ತೋಳಿನ ಕೆಲಸವನ್ನು ಯಂತ್ರವು ವಹಿಸಿಕೊಂಡಿದೆ. ಪ್ರಾಥಮಿಕ ಆರೋಗ್ಯ ಕೇಂದ್ರದ ಶೈತ್ಯಪೆಟ್ಟಿಗೆಗೆ ಮನೆಯ ಫ್ರಿಜ್ಜಿನಂತೆ ಮುಂಬದಿಗೆ ಬಾಗಿಲಿಲ್ಲ, ಮೇಲೆ ಮುಚ್ಚಳವಿದೆ. ತಣ್ಣನೆಯ ಗಾಳಿ ಭಾರವಾದುದು. ಮುಂಬಾಗಿಲನ್ನು ತೆರೆದರೆ ಕಾಲಬುಡಕ್ಕೆ ಸುರಿದುಹೋಗುತ್ತದೆ, ಮುಚ್ಚಳವನ್ನೆತ್ತಿದರೆ ಬಾವಿಯ ನೀರಿನಂತೆ ತಳದಲ್ಲಿಯೇ ನಿಲ್ಲುತ್ತದೆ. ಅದರ ಒಳಗೋಡೆಗಳ ಸುತ್ತ ಹೆಪ್ಪುಗಟ್ಟಿದ ನೀರಿನ ಕವಚವಿರುವುದರಿಂದ, ದಿನದಲ್ಲಿ ಎಂಟು ಗಂಟೆ ಕರೆಂಟು ಬಂದರೂ ಸಾಕು, ಒಳಗಿನ ಶಾಖವು 2ರಿಂದ 8 ಡಿಗ್ರಿಗಳ ನಡುವೆ ಉಳಿಯುತ್ತದೆ.

ಹಳ್ಳಿಗೆ ಬರುವ ಸಣ್ಣ ಪೆಟ್ಟಿಗೆಯಲ್ಲಿ ನಾಲ್ಕು ಮಂಜುಗಡ್ಡೆಯ ಪೊಟ್ಟಣಗಳಿರುತ್ತವೆ. ಅವುಗಳನ್ನು ಕಲ್ಲಿನಂತೆ ಹೆಪ್ಪುಗಟ್ಟಿರುವಾಗಲೇ ಇಡಬಾರದೆಂಬುದು ಬಹುಮಂದಿಗೆ ಆಶ್ಚರ್ಯವಾಗಿ ತೋರಬಹುದು. ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು, ಹೆಪಟೈಟಿಸ್-ಬಿ, ಹಿಬ್ ಎಂಬ ಐದು ವ್ಯಾಧಿಗಳಿಗೆ ಒಂದೇ ಸೂಜಿಯಲ್ಲಿ ಕೊಡತಕ್ಕ ಪೆಂಟಾವೇಲೆಂಟ್ ಲಸಿಕೆಯಲ್ಲಿ ಅಲ್ಯುಮಿನಿಯಂ ಲವಣದ ಸೂಕ್ಷ್ಮ ಕಣಗಳಿವೆ. ಅದು ಒಮ್ಮೆ ಹೆಪ್ಪುಗಟ್ಟಿತೆಂದರೆ, ಒಡೆದ ಹಾಲು ಮತ್ತೆ ಕೂಡದಂತೆ, ಆ ಕಣಗಳು ಮುದ್ದೆಯಾಗಿ ಸತ್ತ್ವವು ನಾಶವಾಗುತ್ತದೆ. ಆದುದರಿಂದ ಸಹಾಯಕಿಯು ಪೊಟ್ಟಣವನ್ನು ಸ್ವಲ್ಪ ಕರಗಲು ಬಿಟ್ಟು, ಕಿವಿಯ ಬಳಿ ಅಲ್ಲಾಡಿಸಿ, ಒಳಗೆ ನೀರು ಕುಲುಕುವ ಸದ್ದು ಕೇಳಿದ ಮೇಲೆಯೇ ಪೆಟ್ಟಿಗೆಯೊಳಗಿಡುತ್ತಾಳೆ. ಹೊರಗೆ ನಲವತ್ತು ಡಿಗ್ರಿ ಬಿಸಿಲಿರುವಾಗ ಅತಿಶೈತ್ಯಕ್ಕೆ ಅಂಜಿ ಮಂಜಿನ ಸದ್ದಿಗೆ ಕಿವಿಗೊಟ್ಟು ನಿಂತ ಆ ಹೆಣ್ಣುಮಗಳ ತಾಳ್ಮೆಯು ನನಗೆ ಪೂಜ್ಯವಾಗಿ ಕಂಡಿದೆ.

ಇಷ್ಟಾದರೂ ತಾಯಿಯ ಸಂಶಯಕ್ಕೆ ಕಣ್ಣಾರೆ ಕಾಣುವ ಉತ್ತರ ಬೇಕಷ್ಟೆ? ಅದು ಸೀಸೆಯ ಮೇಲೆಯೇ ಇದೆ: ಬಣ್ಣದ ಒಂದು ವೃತ್ತ, ಅದರ ನಡುವೆ ಬಿಳಿಚಿದ ಒಂದು ಚೌಕ. ಚೌಕಕ್ಕೆ ಬಳಿದ ರಾಸಾಯನಿಕದ ಅಣುಗಳು ಶಾಖ ತಾಗಿದಂತೆಲ್ಲ ಒಂದಕ್ಕೊಂದು ಕೊಂಡಿ ಹಾಕಿಕೊಂಡು ಗಾಢವಾಗುತ್ತ ಹೋಗುತ್ತವೆ. ಎಷ್ಟು ಬಿಸಿ, ಎಷ್ಟು ಹೊತ್ತು ಎಂಬ ಎರಡೂ ಲೆಕ್ಕಗಳು ಅಲ್ಲಿ ಕೂಡುತ್ತವೆ, ಮತ್ತೆ ತಣ್ಣಗಿಟ್ಟರೂ ಕಳೆಯುವುದಿಲ್ಲ. ಚೌಕವು ವೃತ್ತಕ್ಕಿಂತ ತಿಳಿಯಾಗಿರುವ ತನಕ, ಅವಧಿ ಮೀರಿರದಿದ್ದರೆ, ಲಸಿಕೆಯನ್ನು ಬಳಸಬಹುದು. ಎರಡೂ ಒಂದೇ ಬಣ್ಣವಾದರೆ ಎಸೆಯಬೇಕು. ಹೆಪ್ಪುಗಟ್ಟಿದ ಕೇಡನ್ನು ಮಾತ್ರ ಈ ಚೌಕವು ಹೇಳಲಾರದು. 1996ರಲ್ಲಿ ಪೋಲಿಯೋ ಹನಿಯ ಸೀಸೆಗಳ ಮೇಲೆ ಮೊದಲು ಬಂದ ಈ ಗುರುತನ್ನು ಅಕ್ಷರ ಬಾರದವರೂ ಓದಬಲ್ಲರು.

"ಸೂಜಿ ಹಾಕಿದ ರಾತ್ರಿ ಜ್ವರವೇಕೆ?" ಎಂಬುದಕ್ಕೆ ಉತ್ತರ ಚಿಕ್ಕದು: ಪರಕೀಯವಾದುದನ್ನು ಗುರುತಿಸಿ ಶರೀರವು ಅಭ್ಯಾಸ ನಡೆಸುತ್ತಿದೆ, ಸಾಮಾನ್ಯವಾಗಿ ಒಂದೆರಡು ದಿನಗಳಲ್ಲಿ ಇಳಿಯುತ್ತದೆ. ಜ್ವರವೇರಿ ಮಗು ಮಂಕಾದರೆ ವೈದ್ಯರಲ್ಲಿಗೆ ಹೋಗತಕ್ಕದ್ದು. ಸಣ್ಣ ನೆಗಡಿಗೆ ಹೆದರಿ ಲಸಿಕೆಯನ್ನು ಮುಂದೂಡಬೇಕಾದುದಿಲ್ಲ. "ಈಗ ಆ ರೋಗಗಳೆಲ್ಲಿವೆ?" ಎನ್ನುವವರು ತಮ್ಮ ಕೊಟ್ಟಿಗೆಯ ಮಣ್ಣನ್ನು ನೆನೆಯಲಿ, ಧನುರ್ವಾಯುವಿನ ಬೀಜಾಣುಗಳು ಅಲ್ಲಿ ವರ್ಷಾನುವರ್ಷ ಜೀವ ಹಿಡಿದಿರಬಲ್ಲವು, ಊರಿನವರೆಲ್ಲ ಲಸಿಕೆ ಪಡೆದಿದ್ದರೂ ಪಡೆಯದ ಒಂದು ಮಗುವನ್ನು ಅವು ಬಿಡವು.

ಒಂಬತ್ತು ತಿಂಗಳಿಗೆ ಕೊಡುವ ಗೊಬ್ಬರದ, ಎಂದರೆ ದಡಾರದ, ಲಸಿಕೆಯ ಸೀಸೆಯಲ್ಲಿ ಇನ್ನೂ ಉಳಿದಿರುವಾಗಲೇ ಅದನ್ನು ಎಸೆಯುವುದನ್ನು ಕಂಡು ಮರುಗುವವರುಂಟು. ಪುಡಿಯಾಗಿರುವ ಅದನ್ನು ದ್ರವದಲ್ಲಿ ಕಲಸಿದ ಮೇಲೆ, ಕೆಡದಂತೆ ಕಾಯುವ ದ್ರವ್ಯವು ಅದರಲ್ಲಿಲ್ಲದ್ದರಿಂದ, ತಂಪಿನಲ್ಲಿಟ್ಟರೂ ಅದರ ಆಯುಸ್ಸು ನಾಲ್ಕೇ ಗಂಟೆ. ಕಲಸಿದ ವೇಳೆಯನ್ನು ಸೀಸೆಯ ಮೇಲೆ ಬರೆಯುವುದು ನಿಯಮ. ಚೌಕವನ್ನು ನೋಡಲು ಬಗ್ಗಿದ ತಾಯಿ ಅದನ್ನೂ ಕೇಳಿ ನೋಡಬಹುದು.